ಕಟ್ಟುವವರ ಲೆಕ್ಕ, ಕೊಳ್ಳುವವರ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಆದರೆ ಈ ಗಾದೆ ‘ಕಟ್ಟಿ ನೋಡು’ ಎನ್ನುತ್ತದೆಯೇ ಹೊರತು ‘ಕೊಂಡು ನೋಡು’ ಎನ್ನುವುದಿಲ್ಲ. ಗಾದೆ ಹುಟ್ಟಿದ ಕಾಲದಲ್ಲಿ ಮನೆ ಎಂಬುದು ಪೇಟೆಯಲ್ಲಿ ಸಿಗುವ ಸರಕಾಗಿರಲಿಲ್ಲ. ಅಜ್ಜ ಕಟ್ಟಿದ್ದನ್ನು ಮೊಮ್ಮಗ ಹೆಂಚು ಹೊದಿಸಿ ಉಳಿಸಿಕೊಳ್ಳುತ್ತಿದ್ದ. ಪಾಲಾದರೆ ನಡುವೆ ಒಂದು ಗೋಡೆ ಏಳುತ್ತಿತ್ತು. ಅಷ್ಟೂ ಸಾಲದಿದ್ದರೆ ಪಕ್ಕದ ಹಿತ್ತಲಲ್ಲಿ ಇನ್ನೊಂದು ಮನೆ ಏಳುತ್ತಿತ್ತು. ಇದ್ದ ಮನೆಯನ್ನು ಮಾರುವುದೆಂದರೆ ದಿವಾಳಿಯ ಲಕ್ಷಣ. ‘ಮನೆ ಮಠ ಮಾರಿಕೊಂಡ’ ಎಂಬ ಮಾತು ಇಂದಿಗೂ ಹಾಳಾದವನನ್ನು ಕುರಿತೇ ಬಳಕೆಯಲ್ಲಿದೆ. ಮಾರುವುದು ನಾಚಿಕೆಯ ಸಂಗತಿಯಾಗಿದ್ದಾಗ ಕೊಳ್ಳುವವನಿಗೂ ಒಳಗೊಳಗೇ ಅಳುಕು; ಇನ್ನೊಬ್ಬರ ಕಣ್ಣೀರು ಬಿದ್ದ ಹೊಸ್ತಿಲನ್ನು ತಾನು ದಾಟಬೇಕಲ್ಲ ಎಂಬ ಹಿಂಜರಿಕೆ.

ಇಂದು ಆ ಹಿಂಜರಿಕೆ ಹೋಗಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂಥ ಊರಿನ ಕುಟುಂಬವೂ ಮನೆ ‘ನೋಡಲು’ ಹೊರಡುತ್ತದೆ. ಊರಲ್ಲೇ ಒಂದು, ಮಕ್ಕಳ ಓದಿಗೆಂದು ದಾವಣಗೆರೆಯಲ್ಲಿ ಒಂದು, ನೌಕರಿಯಲ್ಲಿರುವ ಮಗನಿಗೆಂದು ಬೆಂಗಳೂರಿನಲ್ಲಿ ಒಂದು ಎಂದು ಲೆಕ್ಕ ಹಾಕುವವರಿದ್ದಾರೆ. ಆದರೆ ಯಾವುದು ಒಳ್ಳೆಯ ಮನೆ ಎಂಬ ಪ್ರಶ್ನೆಗೆ ಅವರ ಬಳಿ ಇರುವ ಉತ್ತರಗಳು ಬಹುಪಾಲು ಕಟ್ಟುವ ಕಾಲದವು. ಕಟ್ಟುವವನ ಅಳತೆಗೋಲನ್ನು ಹಿಡಿದು ಕೊಳ್ಳಲು ಹೋದಾಗ ಎಡವಟ್ಟುಗಳು ಆಗುತ್ತವೆ. ಹಾಗಾಗಿ ಆ ಅಳತೆಗೋಲು ಎಲ್ಲಿಂದ ಬಂತು, ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು, ಬಿಡಬೇಕಾದದ್ದು ಯಾವುದು ಎಂದು ನೋಡುವುದು ಒಳಿತು.

ಕೋಟೆಯ ಊರು, ಕೆರೆಯ ಊರು

ಬಸವಾಪಟ್ಟಣ ಹಿಂದೆ ಪಾಳೆಯಗಾರರ ರಾಜಧಾನಿ. ವಿಜಯನಗರದ ಆಶ್ರಯದಲ್ಲಿ ಬೆಳೆದ ಇಲ್ಲಿನ ನಾಯಕರ ಮನೆತನ ಬಸವಾಪಟ್ಟಣದಲ್ಲಿ ಕೋಟೆ ಕಟ್ಟಿ ಆಳಿತು; ಸಂತೇಬೆನ್ನೂರನ್ನೂ ತನ್ನ ನೆಲೆಯಾಗಿಸಿಕೊಂಡಿತು. ಸಂತೇಬೆನ್ನೂರಿನ ಸುಂದರ ಪುಷ್ಕರಣಿ ಈ ಮನೆತನದ ಹನುಮಪ್ಪ ನಾಯಕನ ಹೆಸರಿನೊಂದಿಗೆ ಬೆಸೆದುಕೊಂಡಿದೆ. 1630ರ ದಶಕದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ದಂಡು ಈ ಸೀಮೆಯನ್ನು ಹಿಡಿಯಿತು. ಪುಷ್ಕರಣಿಯ ಬದಿಯಲ್ಲಿ ನಿಂತಿರುವ ಮುಸಾಫಿರಖಾನೆ ಆ ಆಳ್ವಿಕೆಯ ಗುರುತು. ನಾಯಕರ ಮನೆತನ ಮುಂದೆ ತರೀಕೆರೆಯಲ್ಲಿ ನೆಲೆ ಕಂಡುಕೊಂಡಿತು. ಚರಿತ್ರೆಯಲ್ಲಿ ಅವರು ತರೀಕೆರೆ ಪಾಳೆಯಗಾರರೆಂದೇ ಪ್ರಸಿದ್ಧರು. ಒಂದು ಮನೆತನ ಮೂರು ಊರುಗಳಲ್ಲಿ ನೆಲೆ ಹುಡುಕಿದ ಕಥೆ ಇದು. ಆಳುವವರಿಗೆ ಒಳ್ಳೆಯ ಮನೆಯೆಂದರೆ ಗುಡ್ಡದ ಮರೆ, ಎತ್ತರದ ಗೋಡೆ, ಒಳಗೊಂದು ಬತ್ತದ ಬಾವಿ. ಶತ್ರು ಯಾರೆಂಬುದು ಬದಲಾದಾಗ ಗೋಡೆಯ ಬೆಲೆಯೂ ಬದಲಾಯಿತು.

ಜನಸಾಮಾನ್ಯರಿಗೆ ಮೊದಲ ಪ್ರಶ್ನೆ ಗೋಡೆಯದಲ್ಲ, ನೀರಿನದು. ಬಸವಾಪಟ್ಟಣಕ್ಕೆ ಸಮೀಪದಲ್ಲೇ ಇದೆ ಶಾಂತಿಸಾಗರ ಎಂದೂ ಕರೆಯಲಾಗುವ ಸೂಳೆಕೆರೆ. ಹರಿದ್ರಾ ಹೊಳೆಗೆ ಅಡ್ಡಲಾಗಿ, ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಏರಿ ಹಾಕಿ, ಕಡಿಮೆ ಉದ್ದದ ಕಟ್ಟೆಯಿಂದ ಅಪಾರ ನೀರನ್ನು ಹಿಡಿದಿಟ್ಟ ಹಳಗಾಲದವರ ಜಾಣತನಕ್ಕೆ ಇದು ಸಾಕ್ಷಿ. ಈ ಕೆರೆಯ ಐತಿಹ್ಯ ಮನೆಯ ಪ್ರಶ್ನೆಗೂ ಸಂಬಂಧಿಸಿದ್ದು. ರಾಜನ ಮಗಳು ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಮುಳುಗಡೆಯಾಗುವ ನೆಲ ಅಲ್ಲಿನ ಸೂಳೆಯರಿಗೆ ಸೇರಿದ್ದಾಗಿತ್ತಂತೆ. ಕೆರೆಗೆ ತಮ್ಮ ಹೆಸರಿಡಬೇಕು ಎಂಬ ಷರತ್ತಿನ ಮೇಲೆ ಅವರು ನೆಲವನ್ನು ಬಿಟ್ಟುಕೊಟ್ಟರಂತೆ. ಕಥೆ ನಿಜವೋ ಸುಳ್ಳೋ, ಅದರ ಒಳದನಿ ಸ್ಪಷ್ಟ: ನೆಲೆಯನ್ನು ಕಳೆದುಕೊಳ್ಳುವವರು ಹೆಸರನ್ನಾದರೂ ಉಳಿಸಿಕೊಳ್ಳಲು ಬಯಸುತ್ತಾರೆ. ನೆಲೆಗೂ ಹೆಸರಿಗೂ ಇರುವ ನಂಟು ಅಷ್ಟು ಹಳೆಯದು.

ದನ ಮೊದಲು, ಜನ ಆಮೇಲೆ

ಈ ಭಾಗದ ಒಕ್ಕಲು ಮನೆಯ ರಚನೆಯನ್ನು ನೋಡಿದರೆ ಅದನ್ನು ಯಾರಿಗಾಗಿ ಕಟ್ಟಲಾಗಿತ್ತು ಎಂಬುದು ತಿಳಿಯುತ್ತದೆ. ಬೀದಿಗೆ ಮುಖ ಮಾಡಿದ ಜಗುಲಿ, ದೊಡ್ಡ ಬಾಗಿಲು ದಾಟಿದರೆ ಎತ್ತುಗಳ ಗೋದಲಿ, ಅದರಿಂದ ಮೆಟ್ಟಿಲೆತ್ತರದಲ್ಲಿ ಪಡಸಾಲೆ, ಒಳಗೆ ನಡುಮನೆ, ದೇವರಮನೆ, ಅಡುಗೆಮನೆ, ಬಚ್ಚಲು, ಮೇಲೆ ಅಟ್ಟ, ಹಿಂದೆ ಹಿತ್ತಲು. ಕಾಳಿಗೆ ಕಣಜ, ಜೋಳಕ್ಕೆ ನೆಲದೊಳಗಿನ ಹಗೇವು. ಬೆಳಕಿಗೆ ಮಾಡಿನಲ್ಲೊಂದು ಬೆಳಕಿಂಡಿ. ಬಾಗಿಲ ಅಗಲವನ್ನು ನಿರ್ಧರಿಸಿದ್ದು ಎತ್ತಿನ ಕೊಂಬು. ಅಟ್ಟದ ಎತ್ತರವನ್ನು ನಿರ್ಧರಿಸಿದ್ದು ಚೀಲದ ರಾಶಿ. ಮನುಷ್ಯರು ಉಳಿದ ಜಾಗದಲ್ಲಿ ಮಲಗುತ್ತಿದ್ದರು. ಅದು ಬಡತನದ ಗುರುತು ಮಾತ್ರವಲ್ಲ. ಎತ್ತು ಕಳುವಾದರೆ ವರ್ಷದ ಬೇಸಾಯವೇ ಹೋಯಿತು. ಹಾಗಾಗಿ ಅದು ಒಳಗಿರಬೇಕು. ಮನೆ ಎಂಬುದು ವಾಸದ ಜಾಗ ಆಗುವುದಕ್ಕೆ ಮೊದಲು ದುಡಿಮೆಯ ಸಾಧನವಾಗಿತ್ತು.

ಎಲ್ಲಿ ಕಟ್ಟಬೇಕು ಎಂಬ ಆಯ್ಕೆಯಾದರೋ ಹೆಚ್ಚಿನವರಿಗೆ ಇರಲೇ ಇಲ್ಲ. ಕೇರಿ ಅದನ್ನು ಮೊದಲೇ ನಿರ್ಧರಿಸಿಬಿಟ್ಟಿತ್ತು. ಜಾತಿಗೊಂದು ಕೇರಿ, ಕೇರಿಗೊಂದು ಬಾವಿ ಎಂಬ ವ್ಯವಸ್ಥೆಯಲ್ಲಿ ಕೆಲವರ ಪಾಲಿಗೆ ಊರ ಹೊರಗಿನ ತಗ್ಗೇ ಗತಿ. ‘ಒಳ್ಳೆಯ ನೆರೆ’ ಎಂಬ ಮಾತನ್ನು ಇಂದು ಬಳಸುವಾಗ ಅದರೊಳಗೆ ಈ ಹಳೆಯ ಕೇರಿಯ ನೆನಪು ಎಷ್ಟಿದೆ, ಕಷ್ಟಕ್ಕೆ ಓಡಿಬರುವ ಮನುಷ್ಯರ ನೆನಪು ಎಷ್ಟಿದೆ ಎಂದು ಪ್ರತಿ ಕುಟುಂಬವೂ ಕೇಳಿಕೊಳ್ಳಬೇಕಾಗುತ್ತದೆ.

ಆಯದ ಗಣಿತ

ಹಳೆಯ ಅಳತೆಗೋಲುಗಳಲ್ಲಿ ಇಂದಿಗೂ ಬಲವಾಗಿ ಉಳಿದದ್ದು ಆಯ. ಇದರ ಗಣಿತ ಸರಳವಾದದ್ದು. ಮನೆಯ ಉದ್ದವನ್ನೂ ಅಗಲವನ್ನೂ ಗುಣಿಸಿ, ಬಂದದ್ದನ್ನು ಎಂಟರಿಂದ ಭಾಗಿಸಿ, ಶೇಷವನ್ನು ನೋಡುವುದು. ಕೆಲವು ಪದ್ಧತಿಗಳಲ್ಲಿ ಭಾಗಿಸುವುದಕ್ಕೆ ಮೊದಲು ಇನ್ನೊಂದು ಸಂಖ್ಯೆಯಿಂದ ಗುಣಿಸುವುದೂ ಉಂಟು. ಶೇಷ 1 ಉಳಿದರೆ ಧ್ವಜಾಯ, 2 ಧೂಮ, 3 ಸಿಂಹ, 4 ಶ್ವಾನ, 5 ವೃಷಭ, 6 ಖರ, 7 ಗಜ. ಏನೂ ಉಳಿಯದಿದ್ದರೆ ಕಾಕ. ಬೆಸ ಸಂಖ್ಯೆಯವು ಶುಭ, ಸರಿ ಸಂಖ್ಯೆಯವು ಅಶುಭ ಎಂಬುದು ನಂಬಿಕೆ.

ಈ ಲೆಕ್ಕವನ್ನು ಇಂದಿನ ನಿವೇಶನಗಳಿಗೆ ಹಚ್ಚಿ ನೋಡಿದರೆ ಸ್ವಾರಸ್ಯದ ಸಂಗತಿಯೊಂದು ಹೊರಬೀಳುತ್ತದೆ. ಬಡಾವಣೆಗಳಲ್ಲಿ ಸಾಮಾನ್ಯವಾಗಿ ಸಿಗುವ ಅಳತೆಗಳು 20 ಅಡಿ 30, 30 ಅಡಿ 40, 40 ಅಡಿ 60. ಗುಣಲಬ್ಧಗಳು 600, 1200, 2400. ಮೂರೂ ಎಂಟರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. ಅಂದರೆ ಮೂರಕ್ಕೂ ಕಾಕಾಯ! ಆದರೆ ಇದರಿಂದ ಕಟ್ಟುವವನಿಗೆ ತೊಂದರೆಯಿಲ್ಲ. ಆಯವನ್ನು ನೋಡುವುದು ನಿವೇಶನಕ್ಕಲ್ಲ, ಕಟ್ಟಡಕ್ಕೆ. ಮೂವತ್ತು ನಲವತ್ತರ ನಿವೇಶನದಲ್ಲಿ ಸುತ್ತ ಜಾಗ ಬಿಟ್ಟು 27 ಅಡಿ 37ಕ್ಕೆ ಗೋಡೆ ಎತ್ತಿದರೆ ಗುಣಲಬ್ಧ 999, ಶೇಷ 7, ಗಜಾಯ. ಮೇಸ್ತ್ರಿ ದಾರವನ್ನು ಅರ್ಧ ಅಡಿ ಆಚೀಚೆ ಜರುಗಿಸಿದರೆ ಕೆಲಸ ಮುಗಿಯಿತು.

ಇಲ್ಲಿಯೇ ಕಟ್ಟುವವನಿಗೂ ಕೊಳ್ಳುವವನಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಆಯವೂ ದಿಕ್ಕುಗಳ ನಿಯಮವೂ ನಕ್ಷೆ ಹಾಕುವವನಿಗೆ ಹೇಳಿದ ಮಾತುಗಳು; ದಾರ ಜರುಗಿಸುವಷ್ಟು ಸುಲಭವಾಗಿ ಪಾಲಿಸಬಹುದಾದವು. ಕಟ್ಟಿ ನಿಂತ ಮನೆಯನ್ನು ಕೊಳ್ಳುವವನಿಗೆ ಅದೇ ನಿಯಮ ತಿದ್ದಲಾಗದ ದೋಷವಾಗಿ ಕಾಣಿಸುತ್ತದೆ. ಗಟ್ಟಿ ಗೋಡೆ, ಸಿಹಿ ನೀರು, ಶುದ್ಧ ದಾಖಲೆ ಇದ್ದ ಮನೆಯನ್ನು ಆಯ ಸರಿಯಿಲ್ಲವೆಂದು ಬಿಟ್ಟು, ಆಯ ಸರಿಯಿದ್ದು ದಾಖಲೆ ಸರಿಯಿಲ್ಲದ ಮನೆಯನ್ನು ಹಿಡಿಯುವ ಅಪಾಯ ಆಗ ಎದುರಾಗುತ್ತದೆ. ನಂಬಿಕೆ ಇಟ್ಟುಕೊಳ್ಳುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಪರಿಶೀಲನೆಯ ಸಾಲಿನಲ್ಲಿ ಅದು ಮೊದಲು ನಿಲ್ಲಬೇಕೋ ಕೊನೆಗೆ ನಿಲ್ಲಬೇಕೋ ಎಂಬುದನ್ನು ಯೋಚಿಸಲೇಬೇಕು.

ಪ್ಲೇಗು ಕಲಿಸಿದ ಪಾಠ

ಒಳ್ಳೆಯ ಮನೆಯ ಕಲ್ಪನೆಯನ್ನು ಬುಡಸಮೇತ ಅಲುಗಿಸಿದ್ದು ಒಂದು ರೋಗ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯ ಮನೆಗಳು ಸಾವಿನ ಮನೆಗಳಾದವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆ ಹಿನ್ನೆಲೆಯಲ್ಲಿ. ಅಗಲವಾದ ರಸ್ತೆ, ಮನೆಯ ಸುತ್ತ ಗಾಳಿ ಆಡುವ ಜಾಗ, ಗೋಡೆಗೆ ಕಿಟಕಿ, ಚರಂಡಿಗೆ ಓಟ — ಇವೆಲ್ಲ ‘ಒಳ್ಳೆಯ ಮನೆ’ಯ ಲಕ್ಷಣಗಳಾಗಿ ಮೈಸೂರು ಸಂಸ್ಥಾನದ ಊರೂರಿಗೂ ಹಬ್ಬಿದವು. ಹಳ್ಳಿಗಳಲ್ಲಿ ಇಲಿ ಬಿದ್ದ ಸುದ್ದಿ ಕೇಳಿದೊಡನೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕಾಳಿನ ಕಣಜವನ್ನು ಮನೆಯ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೇ ಐಶ್ವರ್ಯ ಎಂದು ತಿಳಿದವರಿಗೆ, ಅದೇ ಕಣಜ ಇಲಿಯನ್ನೂ ಸಾಕುತ್ತದೆ ಎಂಬ ಅರಿವು ಕಹಿಯಾಗಿಯೇ ಬಂತು.

ಅದೇ ಕಾಲಕ್ಕೆ ಮಾಡೂ ಬದಲಾಯಿತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಶುರುವಾದ ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು, ಕರಿಹೆಂಚಿನ ಮತ್ತು ಮಣ್ಣಿನ ಮಾಳಿಗೆಯ ಜಾಗವನ್ನು ಹಿಡಿಯಿತು. ಮುಂದೆ ಸಿಮೆಂಟಿನ ತಾರಸಿ ಹೆಂಚಿನ ಜಾಗವನ್ನು ಹಿಡಿಯಿತು. ‘ಆರ್‌ಸಿಸಿ ಮನೆ’ ಎಂಬ ಮಾತಿಗೆ ಹಳ್ಳಿಯಲ್ಲಿ ಈಗಲೂ ಒಂದು ತೂಕವಿದೆ. ಹೆಣ್ಣು ಕೊಡುವವರು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ಆದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದೇ ತಾರಸಿಯ ಕೆಳಗೆ ಮಲಗುವ ಮುದುಕರು ಹಳೆಯ ಹೆಂಚಿನ ಪಡಸಾಲೆಯನ್ನು ನೆನೆಯುವುದೂ ಅಷ್ಟೇ ನಿಜ.

ನಾಲೆ ಬಂತು, ಅಡಿಕೆ ಬಂತು

ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, ನಾಲೆಯ ನೀರು ಈ ಸೀಮೆಗೆ ಹರಿದ ಮೇಲೆ ಚನ್ನಗಿರಿ ತಾಲ್ಲೂಕಿನ ಚಹರೆಯೇ ಬದಲಾಯಿತು. ರಾಗಿ ಜೋಳದ ಹೊಲ ಭತ್ತದ ಗದ್ದೆಯಾಯಿತು; ಮುಂದೆ ಅಡಿಕೆಯ ತೋಟವಾಯಿತು. ಅಡಿಕೆ ಬೆಳೆಗಾರನ ಮನೆಗೆ ಬೇಕಾದದ್ದು ಎತ್ತಿನ ಗೋದಲಿಯಲ್ಲ, ಸುಲಿಯಲು ಜಾಗ, ಬೇಯಿಸಲು ಒಲೆ, ಒಣಗಿಸಲು ವಿಶಾಲವಾದ ಕಣ. ಮನೆಯ ಮುಂದಿನ ಅಂಗಳವೇ ಆಸ್ತಿ. ಆದರೆ ಫಸಲನ್ನು ಮರದ ಮೇಲಿರುವಾಗಲೇ ಖೇಣಿಗೆ ಕೊಡುವ ರೂಢಿ ಬೆಳೆದಂತೆ ಆ ಕಣವೂ ಅನೇಕರಿಗೆ ಬೇಡವಾಯಿತು. ಎತ್ತು ಹೋಯಿತು, ಟ್ರ್ಯಾಕ್ಟರ್ ಬಂತು; ಹಗೇವು ಮುಚ್ಚಿತು, ಪಡಿತರದ ಅಕ್ಕಿ ಬಂತು. ದುಡಿಮೆಯ ಸಾಧನವಾಗಿದ್ದ ಮನೆ ಮೊದಲ ಬಾರಿಗೆ ಬರೀ ವಾಸದ ಮನೆಯಾಯಿತು.

ಅಡಿಕೆಯ ಹಣ ಮಕ್ಕಳನ್ನು ಓದಿಸಿತು. ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆ ಕಾಲೇಜುಗಳ ಊರಾಯಿತು. ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳನ್ನು ಶಿವಮೊಗ್ಗದಿಂದಲೂ ಜಗಳೂರನ್ನು ಚಿತ್ರದುರ್ಗದಿಂದಲೂ ತೆಗೆದು 1997ರಲ್ಲಿ ದಾವಣಗೆರೆ ಜಿಲ್ಲೆ ರಚಿಸಿದ ಮೇಲೆ ಕಚೇರಿ, ಆಸ್ಪತ್ರೆ, ಓದು ಎಲ್ಲಕ್ಕೂ ಮುಖ ಆ ಕಡೆಗೇ ತಿರುಗಿತು. ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ನ್ಯಾಮತಿಯೂ ತಾಲ್ಲೂಕಾಯಿತು. ಕಚೇರಿ ಎಲ್ಲಿಗೆ ಹೋಗುತ್ತದೆಯೋ ನಿವೇಶನದ ಬೆಲೆಯೂ ಅಲ್ಲಿಗೆ ಹೋಗುತ್ತದೆ.

ಕೊಳ್ಳುವವರ ಪ್ರಶ್ನೆಗಳು

ಹಾಗಾದರೆ ಕೊಳ್ಳುವವರು ಮೊದಲು ಕೇಳಬೇಕಾದದ್ದೇನು? ಕಟ್ಟುವವನು ನೆಲವನ್ನು ಬಲ್ಲ. ಅವನ ಅಜ್ಜನಿಂದ ಬಂದ ನೆಲ ಅದು. ಕೊಳ್ಳುವವನಿಗೆ ಇದಾವುದೂ ಗೊತ್ತಿಲ್ಲ. ಆದ್ದರಿಂದ ಮೊದಲ ಪ್ರಶ್ನೆ ಒಡೆತನದ್ದು. ಕಂದಾಯದ ರಸೀತಿ ಮತ್ತು ಖಾತೆ ಇದ್ದರೆ ಮನೆ ತನ್ನದೆಂದು ತಿಳಿಯುವವರು ಬಹಳ. ಖಾತೆ ಎಂಬುದು ತೆರಿಗೆ ಯಾರು ಕಟ್ಟಬೇಕು ಎಂಬುದರ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಾಯಿತ ಕ್ರಯಪತ್ರವೇ ಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೂ 1908ರ ನೋಂದಣಿ ಕಾಯ್ದೆಯೂ ಹೇಳುತ್ತವೆ. ಜನರಲ್ ಪವರ್ ಆಫ್ ಅಟಾರ್ನಿಯ ಮೂಲಕ ನಡೆಯುವ ‘ಮಾರಾಟ’ದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ.

ಎರಡನೆಯದು ನೆಲದ ಜಾತಕ. ಮನೆ ಇರುವುದು ಗ್ರಾಮಠಾಣಾದೊಳಗೋ ಹೊರಗೋ? ತೋಟದ ಅಂಚನ್ನು ತುಂಡು ಮಾಡಿ ಮಾರಿದ ನಿವೇಶನವಾದರೆ 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಭೂ ಪರಿವರ್ತನೆ ಆಗಿದೆಯೋ? ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ನೆಲವಾದರೆ, ಅನುಮತಿಯಿಲ್ಲದೆ ಅದರ ಮಾರಾಟವನ್ನು 1978ರ ಕಾಯ್ದೆ ನಿಷೇಧಿಸುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳಿಗೆ 2013ರಲ್ಲಿ ಇ-ಸ್ವತ್ತು ವ್ಯವಸ್ಥೆ ಬಂದು, ನಮೂನೆ 9 ಮತ್ತು 11 ಹಳ್ಳಿಗರ ಮಾತಿನಲ್ಲೂ ಸೇರಿಹೋಗಿವೆ. ಋಣಭಾರ ಪತ್ರವನ್ನು ತೆಗೆಸಿ ನೋಡುವುದು ಅಗತ್ಯ. ಆದರೆ ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಬಾಯಿಮಾತಿನಲ್ಲಿ ಆದ ಪಾಲು, ಮನೆಯೊಳಗಿನ ತಕರಾರು ಯಾವ ಪತ್ರದಲ್ಲೂ ಕಾಣುವುದಿಲ್ಲ. ಅದನ್ನು ತಿಳಿಯಲು ನೆರೆಮನೆಯ ಜಗುಲಿಯಲ್ಲಿ ಅರ್ಧ ಗಂಟೆ ಕೂರಬೇಕು.

ಪತ್ರವಿಲ್ಲದ ಮನೆಯ ನೋವು ಏನೆಂಬುದನ್ನು ತಾಂಡಾಗಳ ಜನ ಬಲ್ಲರು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ಭಕ್ತಿಯಿಂದ ಕಾಣುವ ಸೂರಗೊಂಡನಕೊಪ್ಪ ಇರುವುದು ಈ ಸೀಮೆಯಲ್ಲೇ, ನ್ಯಾಮತಿ ತಾಲ್ಲೂಕಿನಲ್ಲಿ. ರಾಜ್ಯದ ಎಷ್ಟೋ ತಾಂಡಾ, ಹಟ್ಟಿ, ಹಾಡಿಗಳು ತಲೆಮಾರುಗಳಿಂದ ಜನ ಬಾಳುತ್ತಿದ್ದರೂ ಕಂದಾಯ ದಾಖಲೆಯಲ್ಲಿ ಇರಲೇ ಇಲ್ಲ. ಮನೆ ಇತ್ತು, ಮನೆಯೊಡೆತನ ಇರಲಿಲ್ಲ. ಭೂ ಸುಧಾರಣಾ ಕಾಯ್ದೆಗೆ 2016ರಲ್ಲಿ ರೂಪುಗೊಂಡ ತಿದ್ದುಪಡಿ ಇಂಥ ವಸತಿಗಳ ನಿವಾಸಿಗಳಿಗೆ ಹಕ್ಕುಪತ್ರ ಕೊಡಲು ದಾರಿ ಮಾಡಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕಲ್ಯಾಣ ಕರ್ನಾಟಕ ಭಾಗದ ತಾಂಡಾ ನಿವಾಸಿಗಳಿಗೆ ಐವತ್ತು ಸಾವಿರಕ್ಕೂ ಹೆಚ್ಚು ಹಕ್ಕುಪತ್ರಗಳ ವಿತರಣೆ ನಡೆಯಿತು. ಗೋಡೆ ಅದೇ, ಮಾಡು ಅದೇ. ಒಂದು ಹಾಳೆ ಕೈಗೆ ಬಂದ ಮೇಲೆ ಅದರ ಮೇಲೆ ಸಾಲ ಸಿಗುತ್ತದೆ, ಮಗಳಿಗೆ ಬರೆದುಕೊಡಲು ಬರುತ್ತದೆ.

ಹೆಣ್ಣುಮಕ್ಕಳ ಸಹಿ

ಮೂರನೆಯ ಪ್ರಶ್ನೆ, ಈ ಮನೆಯಲ್ಲಿ ಹೆಣ್ಣುಮಕ್ಕಳ ಪಾಲು ಏನಾಯಿತು ಎಂಬುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 23ನೇ ಕಲಮು ವಾಸದ ಮನೆಯ ವಿಚಾರದಲ್ಲಿ ಒಂದು ವಿಚಿತ್ರ ನಿಯಮ ಇಟ್ಟಿತ್ತು. ಕುಟುಂಬ ವಾಸವಾಗಿರುವ ಮನೆಯಲ್ಲಿ ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. ಮದುವೆಯಾಗದ, ಗಂಡ ಬಿಟ್ಟ, ಅವನಿಂದ ಬೇರೆಯಾದ ಅಥವಾ ವಿಧವೆಯಾದ ಮಗಳಿಗೆ ಮಾತ್ರ ಅಲ್ಲಿ ವಾಸಿಸುವ ಹಕ್ಕು. ಅಂದರೆ ತವರು ಮನೆ ಅವಳಿಗೆ ಆಪತ್ತಿನ ಆಸರೆಯಾಗಿತ್ತೇ ಹೊರತು ಅವಳ ಮನೆಯಾಗಿರಲಿಲ್ಲ. 2005ರ ತಿದ್ದುಪಡಿ ಈ ಕಲಮನ್ನು ತೆಗೆದುಹಾಕಿ, ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ನೀಡಿತು. ಮದುವೆಯಾಗದ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಈ ಹಕ್ಕನ್ನು ಕೊಟ್ಟಿತ್ತು. ತಂದೆ ಬದುಕಿದ್ದರೂ ಇಲ್ಲದಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿತು.

ಹಾಗಾಗಿ ಹಳೆಯ ಮನೆಯನ್ನು ಕೊಳ್ಳುವವರು ಮಾರುವವನ ಅಕ್ಕತಂಗಿಯರ ಸಹಿ ಇದೆಯೇ ಎಂದು ನೋಡುತ್ತಾರೆ. ಅದು ಕೊಳ್ಳುವವರ ಎಚ್ಚರ. ಆದರೆ ಇದೇ ಎಚ್ಚರ ಇನ್ನೊಂದು ದಿಕ್ಕಿಗೂ ತಿರುಗಬೇಕು. ಮಾರುವ ಮನೆಗೆ ಹೆಣ್ಣುಮಕ್ಕಳ ಸಹಿ ಬೇಕೆನ್ನುವ ಕುಟುಂಬ, ತಾನು ಕೊಳ್ಳುವ ಮನೆಯ ಪತ್ರದಲ್ಲಿ ಹೆಣ್ಣಿನ ಹೆಸರು ಇರಬೇಕೆಂದು ಯೋಚಿಸಿದೆಯೇ? 2015ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ ಮನೆಯೊಡತಿಯ ಹೆಸರಿನಲ್ಲಿ ಅಥವಾ ಜಂಟಿ ಹೆಸರಿನಲ್ಲಿ ಒಡೆತನ ಇರುವುದಕ್ಕೆ ಒತ್ತು ಕೊಟ್ಟಿತು. ಸರ್ಕಾರದ ನೆರವಿಲ್ಲದೆ ಕೊಳ್ಳುವವರಿಗೆ ಈ ಒತ್ತಾಯವಿಲ್ಲ, ವಿವೇಕವಿದ್ದರೆ ಸಾಕು.

ನೀರು ಈಗಲೂ ಕೇಳುವ ಪ್ರಶ್ನೆ

ಹಳೆಯ ಅಳತೆಗೋಲಿನಲ್ಲಿ ಬಿಡಲಾಗದ್ದು ನೀರಿನದು. ಒಂದೇ ಜಿಲ್ಲೆಯಲ್ಲಿ ಅದರ ಸ್ವರೂಪ ಎಷ್ಟು ಬೇರೆ ಎಂಬುದನ್ನು ನೋಡಬಹುದು. ಜಗಳೂರಿನಲ್ಲಿ ಮನೆ ಕೊಳ್ಳುವವನು ಕೊಳವೆಬಾವಿ ಎಷ್ಟು ಆಳ, ಬೇಸಿಗೆಯಲ್ಲಿ ಉಳಿಯುತ್ತದೆಯೇ, ನೀರಿನಲ್ಲಿ ಫ್ಲೋರೈಡ್ ಎಷ್ಟು ಎಂದು ಕೇಳಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೂ 1.5 ಮೀರಬಾರದು ಎಂಬುದು ಭಾರತೀಯ ಮಾನಕ ಸಂಸ್ಥೆಯ ಅಳತೆ. ಹೊನ್ನಾಳಿಯಲ್ಲಿ ಮನೆ ಕೊಳ್ಳುವವನು ತುಂಗಭದ್ರೆಯ ದಂಡೆಯಿಂದ ಮನೆ ಎಷ್ಟು ಎತ್ತರದಲ್ಲಿದೆ ಎಂದು ಕೇಳಬೇಕು; 2019ರ ಆಗಸ್ಟಿನ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ನೆರೆಯವರು ಗೋಡೆ ಮುಟ್ಟಿ ತೋರಿಸಬಲ್ಲರು. ನಾಲೆಯ ಕೆಳಗಿನ ಊರುಗಳಲ್ಲಿ ಅಡಿಪಾಯದ ಹಸಿ, ಗೋಡೆಯ ಬುಡದ ಉಪ್ಪು, ಸೊಳ್ಳೆ — ಇವನ್ನು ನೋಡಬೇಕು. ಇದನ್ನೆಲ್ಲ ತಿಳಿಯಲು ಉತ್ತಮ ಉಪಾಯ ಒಂದೇ: ಒಂದು ಮನೆಯನ್ನು ಎರಡು ಸಲ ನೋಡುವುದು, ಒಮ್ಮೆ ಮಳೆಗಾಲದಲ್ಲಿ, ಒಮ್ಮೆ ಬೇಸಿಗೆಯಲ್ಲಿ.

ಸಾಲದ ಲೆಕ್ಕವೂ ಇದಕ್ಕೆ ಸೇರಿದ್ದೇ. ಇಪ್ಪತ್ತು ಲಕ್ಷ ರೂಪಾಯಿಯನ್ನು ಶೇ 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 17,356 ರೂಪಾಯಿ; ತೀರುವ ಹೊತ್ತಿಗೆ ಕಟ್ಟಿದ್ದು ಸುಮಾರು 41 ಲಕ್ಷ 65 ಸಾವಿರ. ನೋಂದಣಿ ಶುಲ್ಕವೂ ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ. ನೌಕರನ ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ಕಂತೂ ತಿಂಗಳಿಗೊಮ್ಮೆ. ತೋಟದವನ ಹಣ ಬರುವುದು ವರ್ಷಕ್ಕೊಮ್ಮೆ. ಅದೂ ಕೊಳೆರೋಗ ಬಾರದೆ, ಧಾರಣೆ ಕುಸಿಯದೆ ಇದ್ದರೆ. ವರ್ಷಕ್ಕೊಮ್ಮೆ ತುಂಬುವ ಕೆರೆಯಿಂದ ತಿಂಗಳಿಗೊಮ್ಮೆ ನೀರು ಬಿಡಬೇಕಾದರೆ ತೂಬನ್ನು ಲೆಕ್ಕವಿಟ್ಟು ತೆರೆಯಬೇಕು ಎಂಬುದು ಸೂಳೆಕೆರೆಯ ಕೆಳಗಿನ ರೈತರಿಗೆ ಹೇಳಿಕೊಡಬೇಕಾದ ಪಾಠವಲ್ಲ.

ಯಾರಿಗಾಗಿ ಮನೆ?

ಇಷ್ಟೆಲ್ಲ ಸರಿಯಿದ್ದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಉದಾಹರಣೆಗೆ ಬಸವಾಪಟ್ಟಣದ ಸುತ್ತಲಿನ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಊರಲ್ಲಿ ಹಳೆಯ ಹೆಂಚಿನ ಮನೆ, ಎರಡು ಎಕರೆ ತೋಟ. ಮಗ ದಾವಣಗೆರೆಯಲ್ಲಿ ನೌಕರ, ಸೊಸೆಯೂ ದುಡಿಯುತ್ತಾಳೆ, ಒಂದು ಮಗು ಶಾಲೆಗೆ ಹೋಗುತ್ತದೆ, ಮಂಡಿನೋವಿನ ತಾಯಿ. ಅವರು ನೋಡಿದ ಮೊದಲ ಮನೆ ಎರಡಂತಸ್ತಿನದು: ಪೂರ್ವದ ಬಾಗಿಲು, ಆಯ ಸರಿ, ಮುಂದೆ ಕಾರು ನಿಲ್ಲುವ ಜಾಗ, ಮೇಲೆ ಮೂರು ಕೋಣೆ. ಎಲ್ಲರಿಗೂ ಹಿಡಿಸುವಂಥದ್ದು. ಆದರೆ ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಆ ಮನೆಯಲ್ಲಿ ಯಾರು ಎಷ್ಟು ಹೊತ್ತು ಇರುತ್ತಾರೆ ಎಂದು ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಮಗ ಮತ್ತು ಸೊಸೆ ಎಚ್ಚರವಾಗಿ ಅಲ್ಲಿ ಕಳೆಯುವುದು ನಾಲ್ಕೈದು ಗಂಟೆ. ಮಗು ಇನ್ನೆರಡು ಗಂಟೆ ಹೆಚ್ಚು. ಇಡೀ ದಿನ ಇರುವವಳು ತಾಯಿ. ಮೂರು ಕೋಣೆ ಇರುವ ಮಹಡಿಗೆ ಅವಳು ಹತ್ತಲಾರಳು. ಕೆಳಗಿನ ಬಚ್ಚಲಿನ ಹೊಸ್ತಿಲು ಎತ್ತರ. ಮುಂದೆ ಕಾರು ನಿಂತಿರುವುದರಿಂದ ಜಗುಲಿಯಿಲ್ಲ. ಜಗುಲಿಯಿಲ್ಲದ ಕಡೆ ನಿಂತು ಮಾತಾಡಿಸುವವರೂ ಇಲ್ಲ. ಹೆಚ್ಚು ಹೊತ್ತು ಇರುವವಳನ್ನು ಯಾರೂ ಕೇಳಲಿಲ್ಲ.

ಇಂಥ ಕುಟುಂಬ ಮರುಯೋಚನೆಗೆ ಕೂತರೆ ಪಟ್ಟಿಯ ಸಾಲುಗಳು ಮೇಲೆ ಕೆಳಗೆ ಆಗುತ್ತವೆ. ಕೋಣೆಗಳ ಸಂಖ್ಯೆ ಕೆಳಗಿಳಿಯುತ್ತದೆ; ನೆಲಮಟ್ಟದ ಮಲಗುವ ಕೋಣೆ, ಜಾರದ ಬಚ್ಚಲು, ಬೀದಿ ಕಾಣುವ ಕಿಟಕಿ ಮೇಲೇರುತ್ತವೆ. ಕಾರಿನ ಜಾಗ ಕೆಳಗಿಳಿಯುತ್ತದೆ; ಶಾಲೆಗೆ ಮಗು ನಡೆದು ಹೋಗಬಹುದೇ, ರಾತ್ರಿ ಹೊತ್ತು ಆಸ್ಪತ್ರೆಗೆ ಎಷ್ಟು ನಿಮಿಷ ಎಂಬುದು ಮೇಲೇರುತ್ತದೆ. ‘ಮುಂದೆ ಬೆಲೆ ಏರುತ್ತದೆಯೇ’ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಆದರೆ ಅದು ಮಾರುವವನ ಪ್ರಶ್ನೆ, ಬಾಳುವವನ ಪ್ರಶ್ನೆಯಲ್ಲ. ಕೆಲವೊಮ್ಮೆ ಈ ಲೆಕ್ಕ ಕೊಳ್ಳುವುದೇ ಬೇಡ ಎಂಬಲ್ಲಿಗೂ ಮುಟ್ಟಬಹುದು: ದಾವಣಗೆರೆಯಲ್ಲಿ ಚಿಕ್ಕ ಬಾಡಿಗೆ ಮನೆ, ಊರಿನ ಹಳೆಯ ಮನೆಗೆ ಹೊಸ ಬಚ್ಚಲು ಮತ್ತು ಗಟ್ಟಿ ಮಾಡು. ತೋಟ ಇರುವವರೆಗೆ ತಾಯಿ ಅಲ್ಲಿಂದ ಹೊರಡಲು ಒಪ್ಪದಿದ್ದರೆ ಅದನ್ನು ಹಠವೆನ್ನುವಂತಿಲ್ಲ. ಎಪ್ಪತ್ತು ವರ್ಷದ ನೆಂಟಸ್ತನವನ್ನು ನೆಲದ ಜೊತೆ ಕೊಂಡು ತರಲು ಬರುವುದಿಲ್ಲ.

ಹಳೆಯ ಒಕ್ಕಲು ಮನೆಯಲ್ಲಿ ಬಾಗಿಲಿನ ಅಳತೆಯನ್ನು ಎತ್ತಿನ ಕೊಂಬು ಹೇಳುತ್ತಿತ್ತು. ಅದು ಹೀನ ಅಳತೆಯಲ್ಲ. ಆ ಮನೆ ಯಾರನ್ನು ನೆಚ್ಚಿತ್ತೋ ಅವರಿಗೆ ತಕ್ಕಂತೆ ಬಾಗಿಲು ಇಟ್ಟಿತ್ತು. ಇಂದು ಮನೆ ಕೊಳ್ಳುವವರಿಗೂ ಅದೇ ವಿವೇಕ ಸಾಲುತ್ತದೆ. ಕನ್ನಡದಲ್ಲಿ ‘ಮನೆ’ ಎಂದರೆ ಕಟ್ಟಡವೂ ಹೌದು, ಕುಟುಂಬವೂ ಹೌದು. ‘ಮನೆಯವರು’ ಎಂದರೆ ಗಂಡ ಅಥವಾ ಹೆಂಡತಿ, ‘ಮನೆತನ’ ಎಂದರೆ ವಂಶ. ಮುಂಗಡ ಕೊಡುವುದಕ್ಕೆ ಮೊದಲು ಮನೆಮಂದಿಯೆಲ್ಲ ಒಂದು ಸಂಜೆ ಕೂತು, ಬಾಗಿಲ ಅಳತೆಗೆ ಯಾರ ಕೈಯಿಂದ ದಾರ ಹಿಡಿಸಬೇಕು ಎಂದು ಮಾತಾಡಿಕೊಂಡರೆ, ಅರ್ಧ ಮನೆ ಅಲ್ಲಿಯೇ ಕಟ್ಟಿದಂತೆ.